ಹದಿನೈದು ಸಾವಿರ ಹೆರಿಗೆ ಮಾಡಿಸಿದ ಕೈ: ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮ

ಪಾವಗಡ: ಡಿಸೆಂಬರ್ 25 ಅಂದ್ರೆ ಎಲ್ಲರಿಗೂ ಕ್ರಿಸ್‌ಮಸ್. ನಮ್ಮ ತಾಲ್ಲೂಕಿನವರಿಗೆ ಮಾತ್ರ ಆ ದಿನಕ್ಕೆ ಇನ್ನೊಂದು ನೆನಪೂ ಅಂಟಿಕೊಂಡಿದೆ. 2018ರ ಡಿಸೆಂಬರ್ 25ರಂದು ಸೂಲಗಿತ್ತಿ ನರಸಮ್ಮ ತೀರಿಕೊಂಡರು. ಶ್ವಾಸಕೋಶದ ಕಾಯಿಲೆಯಿಂದ ಬಳಲುತ್ತಿದ್ದ ಅವರು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೊನೆಯುಸಿರೆಳೆದಾಗ ಅವರಿಗೆ 98 ವರ್ಷ. ಅದೇ ವರ್ಷ ಮಾರ್ಚ್‌ನಲ್ಲಿ ದೆಹಲಿಯ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆದಿದ್ದರು.

ಶಾಲೆ ಮೆಟ್ಟಿಲು ಹತ್ತಿದವರಲ್ಲ. ಓದು ಬರಹ ಗೊತ್ತಿರಲಿಲ್ಲ. ಆದರೆ ಸುಮಾರು 70 ವರ್ಷಗಳಲ್ಲಿ 15,000ಕ್ಕೂ ಹೆಚ್ಚು ಮಕ್ಕಳು ಈ ಭೂಮಿಗೆ ಬಂದಾಗ ಮೊದಲು ಮುಟ್ಟಿದ್ದು ಈ ತಾಯಿಯ ಕೈಯನ್ನೇ. ಅದಕ್ಕೆ ಅವರು ಫೀಸು ತೆಗೆದುಕೊಳ್ಳಲಿಲ್ಲ.

ಹೆಸರು ಕೇಳಿದವರು ತುಂಬಾ ಜನ ಇದ್ದಾರೆ. ಆದರೆ ಅವರು ಏನು ಮಾಡಿದರು, ಯಾವ ಕಾಲದಲ್ಲಿ ಮಾಡಿದರು, ಅದು ಯಾಕೆ ಅಷ್ಟು ದೊಡ್ಡ ಕೆಲಸ ಅನ್ನೋದು ಇವತ್ತಿನ ಹುಡುಗ ಹುಡುಗಿಯರಿಗೆ ಗೊತ್ತಿಲ್ಲ. ಅವರಿಗಾಗಿ ಮತ್ತು ಗೊತ್ತಿದ್ದೂ ಮರೆತವರಿಗಾಗಿ ಈ ಬರಹ.

ಒಂದೇ ನೋಟದಲ್ಲಿ

ಹುಟ್ಟಿದ್ದು: 1920, ಕೃಷ್ಣಾಪುರ, ಪಾವಗಡ ತಾಲ್ಲೂಕು, ತುಮಕೂರು ಜಿಲ್ಲೆ
ಮನೆ ಮಾತು: ತೆಲುಗು. ಕನ್ನಡವೂ ಚೆನ್ನಾಗಿ ಬರುತ್ತಿತ್ತು
ಪತಿ: ಅಂಜಿನಪ್ಪ
ವಿದ್ಯೆ ಕಲಿಸಿದವರು: ಅಜ್ಜಿ ಮರಿಗೆಮ್ಮ
ಮೊದಲ ಹೆರಿಗೆ ಮಾಡಿಸಿದ್ದು: 1940ರಲ್ಲಿ, 20ನೇ ವಯಸ್ಸಿನಲ್ಲಿ
ಒಟ್ಟು ಹೆರಿಗೆಗಳು: 15,000ಕ್ಕೂ ಹೆಚ್ಚು
ಮುಖ್ಯ ಗೌರವಗಳು: ದೇವರಾಜ ಅರಸು ಪ್ರಶಸ್ತಿ (2012), ಕಿತ್ತೂರು ರಾಣಿ ಚೆನ್ನಮ್ಮ ಪ್ರಶಸ್ತಿ (2013), ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ (2013), ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ (2014), ಪದ್ಮಶ್ರೀ (2018)
ನಿಧನ: 25 ಡಿಸೆಂಬರ್ 2018

ಸೂಲಗಿತ್ತಿ ಅಂದ್ರೆ ಯಾರು?

ಸೂಲು ಅಂದ್ರೆ ಹೆರಿಗೆ. ಹೆರಿಗೆ ಮಾಡಿಸುವ ಹೆಂಗಸು ಸೂಲಗಿತ್ತಿ. ಉತ್ತರ ಕರ್ನಾಟಕದ ಕಡೆ ದಾಯಿ ಅಂತಾರೆ. ನಮ್ಮ ಗಡಿ ಭಾಗದ ತೆಲುಗು ಮನೆಗಳಲ್ಲಿ ಮಂತ್ರಸಾನಿ ಅನ್ನೋ ಮಾತು ಈಗಲೂ ಹಿರಿಯರ ಬಾಯಲ್ಲಿ ಬರುತ್ತೆ. ಹೆಸರು ಯಾವುದಾದರೇನು, ಕೆಲಸ ಒಂದೇ. ನಡುರಾತ್ರಿ ಯಾರೋ ಬಂದು ಬಾಗಿಲು ಬಡಿದರೆ ಎದ್ದು ಹೋಗಬೇಕು. ಎರಡು ಜೀವ ಬೇರೆ ಬೇರೆಯಾಗಿ ಉಳಿಯುವ ತನಕ ಅಲ್ಲಿಂದ ಏಳಬಾರದು.

ಗಮನಿಸಿ, "ಸೂಲಗಿತ್ತಿ" ಅನ್ನೋದು ನರಸಮ್ಮನವರ ಮನೆತನದ ಹೆಸರಲ್ಲ. ಮಾಡುವ ಕೆಲಸವೇ ಹೆಸರಿನ ಮುಂದೆ ಬಂದು ಕೂತಿದ್ದು. ದೆಹಲಿಯ ಪ್ರಶಸ್ತಿ ಪಟ್ಟಿಯಲ್ಲೂ ಅವರ ಹೆಸರು ಹಾಗೇ ಇದೆ. ಒಂದು ಹಳ್ಳಿ ಕಸುಬಿನ ಹೆಸರು ದೇಶದ ಗೌರವ ಪಟ್ಟಿಗೆ ಏರಿದ್ದು ಸಣ್ಣ ಮಾತಲ್ಲ.

ಕೃಷ್ಣಾಪುರದ ಹುಡುಗಿ

ನರಸಮ್ಮ ಹುಟ್ಟಿದ್ದು ಬಡ ಕುಟುಂಬದಲ್ಲಿ. 12ನೇ ವಯಸ್ಸಿಗೆ ಮದುವೆ ಆಯಿತು. ಈಗಿನ ಲೆಕ್ಕದಲ್ಲಿ ಏಳನೇ ಕ್ಲಾಸು ಓದೋ ವಯಸ್ಸು. ಮುಂದೆ ಅವರಿಗೆ 12 ಮಕ್ಕಳಾದವು. ಅದರಲ್ಲಿ ನಾಲ್ಕು ಮಕ್ಕಳು ಚಿಕ್ಕ ವಯಸ್ಸಿನಲ್ಲೇ ಹೋದವು.

ಈ ಒಂದು ಸಾಲನ್ನ ಓದಿ ಮುಂದೆ ಹೋಗಬೇಡಿ. ನಾಲ್ಕು ಮಕ್ಕಳನ್ನ ಮಣ್ಣಿಗೆ ಕೊಟ್ಟ ತಾಯಿ ಮುಂದೆ ಸಾವಿರಾರು ಮನೆಗಳಲ್ಲಿ ಮಗು ಉಳಿಯಲಿ ಅಂತ ರಾತ್ರಿಯೆಲ್ಲಾ ಕೂತಳು. ಹೆರಿಗೆ ನೋವು ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಗು ಕಳೆದುಕೊಂಡ ನೋವು ಏನು ಅಂತಲೂ ಹೇಳಿಕೊಡಬೇಕಿರಲಿಲ್ಲ.

ವಿದ್ಯೆ ಬಂದಿದ್ದು ಅಜ್ಜಿ ಮರಿಗೆಮ್ಮನಿಂದ. ಅಜ್ಜಿಯೂ ಸೂಲಗಿತ್ತಿ. ನರಸಮ್ಮನವರ ಸ್ವಂತ ಐದು ಹೆರಿಗೆಗಳನ್ನು ಮಾಡಿಸಿದ್ದೇ ಆ ಅಜ್ಜಿ. ಅಂದರೆ ನರಸಮ್ಮ ಈ ಕೆಲಸವನ್ನ ಎರಡೂ ಕಡೆಯಿಂದ ಕಲಿತರು. ಹೆರುವವಳಾಗಿಯೂ ಕಲಿತರು, ಅಜ್ಜಿಯ ಪಕ್ಕ ಕೂತು ನೋಡುವವಳಾಗಿಯೂ ಕಲಿತರು.

1940ರಲ್ಲಿ, 20ನೇ ವಯಸ್ಸಿನಲ್ಲಿ, ಸಂಬಂಧದಲ್ಲಿ ಅತ್ತೆಯಾಗಬೇಕಾದ ಕನಕಮ್ಮ ಅವರ ಹೆರಿಗೆಗೆ ಕೈ ಕೊಟ್ಟರು. ಅದೇ ಮೊದಲು. ಮುಂದಿನ ಏಳು ದಶಕ ಆ ಕೈ ನಿಲ್ಲಲಿಲ್ಲ.

ಆ ಕಾಲ ಹೇಗಿತ್ತು?

1940 ಅಂದ್ರೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ನಮ್ಮದು ಆಗ ಮೈಸೂರು ಸಂಸ್ಥಾನ. ಬೆಂಗಳೂರಿನಲ್ಲಿ ಹೆಂಗಸರು ಮಕ್ಕಳಿಗಾಗಿಯೇ ವಾಣಿ ವಿಲಾಸ ಆಸ್ಪತ್ರೆ ಶುರುವಾಗಿ (1935) ಐದು ವರ್ಷ ಆಗಿತ್ತು ಅಷ್ಟೇ. ಅದು ಇಲ್ಲಿಂದ 150 ಕಿಲೋಮೀಟರ್‌ಗೂ ದೂರ. ಜಿಲ್ಲಾ ಕೇಂದ್ರ ತುಮಕೂರೇ ಸುಮಾರು 100 ಕಿಲೋಮೀಟರ್. ನೋವು ಶುರುವಾದ ಹೆಂಗಸನ್ನ ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಎಷ್ಟು ದೂರ ಹೋಗೋದು?

ಪಾವಗಡದ ಪರಿಸ್ಥಿತಿ ನಮಗೆಲ್ಲ ಗೊತ್ತಿರೋದೇ. ನಕ್ಷೆ ತೆಗೆದು ನೋಡಿದರೆ ಬಹುಪಾಲು ಸುತ್ತಲೂ ಆಂಧ್ರ. ಮಳೆ ಕಡಿಮೆ, ಬರ ಜಾಸ್ತಿ, ಬೋರ್‌ವೆಲ್ ನೀರಲ್ಲಿ ಫ್ಲೋರೈಡ್. ನಂಬಿಕೊಂಡಿದ್ದು ಮಳೆಯಾಧಾರಿತ ಕಡಲೆಕಾಯಿ ಬೆಳೆ. ಇವತ್ತು ತಿರುಮಣಿ ಕಡೆ ಸಾವಿರಾರು ಎಕರೆಯಲ್ಲಿ ಸೋಲಾರ್ ಪಾರ್ಕ್ ಹೊಳೀತಾ ಇದೆ. ಆದರೆ ನರಸಮ್ಮ ಕೆಲಸ ಶುರು ಮಾಡಿದಾಗ ಹಳ್ಳಿಯಲ್ಲಿದ್ದದ್ದು ಸೀಮೆಎಣ್ಣೆ ಬುಡ್ಡಿಯ ಬೆಳಕು.

ಆಗ ಹೆರಿಗೆ ಅಂದ್ರೆ ಜೀವದ ಮೇಲೆ ಬಂದಂಗೆ. ಇದು ಬರೀ ಮಾತಲ್ಲ. ದೇಶದ ಆರೋಗ್ಯ ಸ್ಥಿತಿ ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಿತು. ಅದರ ಅಂದಾಜಿನ ಪ್ರಕಾರ ಪ್ರತಿ 1,000 ಹೆರಿಗೆಗೆ ಸುಮಾರು 20 ತಾಯಂದಿರು ಸಾಯುತ್ತಿದ್ದರು. ಅಂದರೆ 50 ಹೆರಿಗೆಗೆ ಒಬ್ಬ ತಾಯಿ. ಒಂದು ಸಾಧಾರಣ ಹಳ್ಳಿಯಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಒಬ್ಬ ಹೆಂಗಸು ಹೆರಿಗೆಯಲ್ಲೇ ಹೋಗೋದು ಮಾಮೂಲಿ ಅನ್ನೋ ಹಾಗಿತ್ತು. "ಹೆಣ್ಣಿಗೆ ಹೆರಿಗೆ ಪುನರ್ಜನ್ಮ" ಅಂತ ನಮ್ಮ ಅಜ್ಜಿಯರು ಸುಮ್ಮನೆ ಹೇಳುತ್ತಿರಲಿಲ್ಲ.

ಡಾಕ್ಟರು ಇಲ್ಲ, ನರ್ಸು ಇಲ್ಲ, ಗಾಡಿ ಇಲ್ಲ, ಫೋನಿಲ್ಲ. ಇದ್ದದ್ದು ಸೂಲಗಿತ್ತಿ ಒಬ್ಬಳೇ.

ಕೈಯೇ ಸ್ಕ್ಯಾನಿಂಗ್ ಮೆಷಿನ್

ನರಸಮ್ಮನವರ ಬಗ್ಗೆ ಹೇಳುವಾಗ ಎಲ್ಲರೂ ಮೊದಲು ಹೇಳೋದು ಒಂದೇ ಮಾತು. ಹೊಟ್ಟೆ ಮುಟ್ಟಿ ನೋಡಿ ಮಗುವಿನ ತಲೆ ಯಾವ ಕಡೆ ಇದೆ, ನಾಡಿ ಹೇಗಿದೆ, ಮಗು ಆರೋಗ್ಯವಾಗಿದೆಯಾ ಅಂತ ಯಾವ ಉಪಕರಣವೂ ಇಲ್ಲದೆ ಹೇಳುತ್ತಿದ್ದರು.

ಇದು ಪವಾಡ ಅಲ್ಲ. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟು ಮಗುವಿನ ತಲೆ, ಬೆನ್ನು, ಕಾಲು ಗುರುತಿಸೋ ವಿದ್ಯೆಯನ್ನ ಇವತ್ತಿಗೂ ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳಲ್ಲಿ ಕಲಿಸುತ್ತಾರೆ. ತಲೆ ಗಟ್ಟಿಯಾಗಿ ಗುಂಡಗೆ ಸಿಗುತ್ತೆ, ಕುಂಡಿ ಮೆತ್ತಗೆ ಸಿಗುತ್ತೆ, ಬೆನ್ನು ಹಲಗೆ ತರ ಒಂದು ಕಡೆ ಸಿಗುತ್ತೆ. ತಲೆ ಕೆಳಗಿದ್ದರೆ ಸಾಮಾನ್ಯವಾಗಿ ಹೆರಿಗೆ ಸಲೀಸು. ಮಗು ಅಡ್ಡ ಇದ್ದರೆ ಅಪಾಯ. ಕಾಲೇಜಿನಲ್ಲಿ ಪುಸ್ತಕ ನೋಡಿ ಕಲಿಯೋದನ್ನ ನರಸಮ್ಮ ಸಾವಿರಾರು ಹೊಟ್ಟೆ ಮುಟ್ಟಿ ಕಲಿತಿದ್ದರು. ವ್ಯತ್ಯಾಸ ಅಷ್ಟೇ.

ಇನ್ನೊಂದು ಕಲಿಕೆ ಹಳ್ಳಿಗೆ ಬಂದು ಹೋಗುತ್ತಿದ್ದ ಅಲೆಮಾರಿ ಜನರಿಂದ ಸಿಕ್ಕಿತು. ಗರ್ಭಿಣಿಯರಿಗೆ ಕೊಡುವ ಗಿಡಮೂಲಿಕೆ ಔಷಧಗಳನ್ನ ತಯಾರಿಸೋದು ಅವರಿಂದ ತಿಳಿದುಕೊಂಡರು. ಕಲಿಸೋರು ಯಾರು, ಯಾವ ಜಾತಿ, ಎಲ್ಲಿಂದ ಬಂದೋರು ಅಂತ ನೋಡದೆ ಕೇಳಿ ಕಲಿಯೋ ಗುಣ ಅದು.

ಸೂಲಗಿತ್ತಿಯ ಕೆಲಸ ಮಗು ಹೊರಗೆ ಬಂದ ಕೂಡಲೇ ಮುಗಿಯೋದಿಲ್ಲ ಅನ್ನೋದನ್ನೂ ತಿಳಿದಿರಬೇಕು. ಹೊಕ್ಕುಳ ಬಳ್ಳಿ ಕಟ್ಟಿ ಕತ್ತರಿಸಬೇಕು. ಮಾಸು ಪೂರ್ತಿ ಬಿತ್ತಾ ನೋಡಬೇಕು. ಮಗು ಅತ್ತಿತಾ, ಮೈ ಬೆಚ್ಚಗಿದೆಯಾ ನೋಡಬೇಕು. ಬಾಣಂತಿಗೆ ನೀರು ಹಾಕಬೇಕು, ಮಗುವಿಗೆ ಎರೆಯಬೇಕು. ಮೊದಲ ಸಲ ಹೆತ್ತ ಹುಡುಗಿಗೆ ಎದೆಹಾಲು ಹೇಗೆ ಕುಡಿಸೋದು ಅಂತ ತೋರಿಸಬೇಕು. ಅದಕ್ಕಿಂತ ಮುಖ್ಯ, ನೋವಿನಲ್ಲಿ ಕೂಗೋಳ ಕೈ ಹಿಡಿದು "ಏನೂ ಆಗಲ್ಲ ಕಣವ್ವ, ನಾನಿದ್ದೀನಿ" ಅನ್ನಬೇಕು.

ಲೆಕ್ಕ ಹಾಕಿ ನೋಡಿ

15,000 ಅನ್ನೋ ಸಂಖ್ಯೆ ಓದಿ ತಲೆ ಆಡಿಸಿ ಬಿಡ್ತೀವಿ. ಅಂಗಡಿ ಲೆಕ್ಕ ಹಾಕಿದ ಹಾಗೆ ಒಂದು ಸಲ ಹಾಕಿ ನೋಡಿ.

70 ವರ್ಷಕ್ಕೆ 15,000 ಅಂದ್ರೆ ವರ್ಷಕ್ಕೆ ಸುಮಾರು 214. ವಾರಕ್ಕೆ ನಾಲ್ಕು. ಐದು ದಿನಕ್ಕೆ ಮೂರು ಹೆರಿಗೆ. ಹಬ್ಬ ಇಲ್ಲ, ಜಾತ್ರೆ ಇಲ್ಲ, ಭಾನುವಾರ ಇಲ್ಲ. ಹೆರಿಗೆ ಹೇಳಿ ಕೇಳಿ ಬರೋದಲ್ಲ. ಒಂದೊಂದು ಹೆರಿಗೆಗೆ ಎಂಟು ಗಂಟೆಯೂ ಆಗಬಹುದು, ಒಂದು ದಿನ ಒಂದು ರಾತ್ರಿಯೂ ಆಗಬಹುದು. ಅದರ ಮಧ್ಯೆ ಸ್ವಂತ ಮನೆ, ಸ್ವಂತ ಮಕ್ಕಳು, ಒಲೆ, ಕೂಲಿ ಕೆಲಸ.

ಇನ್ನೊಂದು ತರ ಲೆಕ್ಕ ಹಾಕಿ. 15,000 ಜನ ಅಂದ್ರೆ ಒಂದು ಸಣ್ಣ ಪಟ್ಟಣ. ಒಬ್ಬ ಹೆಂಗಸಿನ ಕೈಯಲ್ಲಿ ಒಂದು ಪಟ್ಟಣವೇ ಹುಟ್ಟಿದೆ. ಒಂದೇ ಮನೆಯಲ್ಲಿ ಅಜ್ಜಿ ಹುಟ್ಟಿದಾಗಲೂ ಅದೇ ಕೈ, ಆಕೆಯ ಮಗಳಿಗೂ ಅದೇ ಕೈ, ಮೊಮ್ಮಗಳಿಗೂ ಅದೇ ಕೈ ಆಗುವಷ್ಟು ದೀರ್ಘ ಕಾಲ ಇದು.

ಕೂಲಿ ಕೇಳದ ಕೆಲಸ

ನರಸಮ್ಮನವರಿಗೆ ಪ್ರಶಸ್ತಿ ಬಂದಿದ್ದು ಬರೀ ಸಂಖ್ಯೆಗಲ್ಲ. ಆಸ್ಪತ್ರೆ ಸೌಲಭ್ಯವೇ ಇಲ್ಲದ ಹಿಂದುಳಿದ ಕಡೆಗಳಲ್ಲಿ, ದುಡ್ಡು ತೆಗೆದುಕೊಳ್ಳದೆ ಮಾಡಿದ ಸೇವೆಗೆ.

ವ್ಯಾಪಾರ ಮಾಡೋರಿಗೆ ಇದರ ಬೆಲೆ ಬೇಗ ಅರ್ಥ ಆಗುತ್ತೆ. ಜಗತ್ತಿನಲ್ಲಿ ತುಂಬಾ ಅಗತ್ಯ ಇರೋ ವಸ್ತುವಿಗೆ, ಅದೂ ಒಬ್ಬರೇ ಮಾರೋರು ಇದ್ದಾಗ, ಎಷ್ಟು ಬೇಕಾದರೂ ಬೆಲೆ ಹೇಳಬಹುದು. ಹೆರಿಗೆ ನೋವು ಶುರುವಾದ ಮನೆಯವರು ಚೌಕಾಸಿ ಮಾಡೋ ಸ್ಥಿತಿಯಲ್ಲಿ ಇರಲ್ಲ. ಅಂಥ ಹೊತ್ತಲ್ಲಿ ಕೈ ಚಾಚದೆ ಇರೋದು ದೊಡ್ಡತನ.

ಹಿಂದೆ ನಮ್ಮ ಹಳ್ಳಿಗಳಲ್ಲಿ ಸೂಲಗಿತ್ತಿಯರಿಗೆ ಕೊಡುತ್ತಿದ್ದದ್ದಾದರೂ ಏನು? ಒಂದು ಸೇರು ಅಕ್ಕಿ ಅಥವಾ ರಾಗಿ, ಎಲೆ ಅಡಿಕೆ, ಅನುಕೂಲ ಇದ್ದೋರು ಒಂದು ಸೀರೆ. ಕೆಲವು ಕಡೆ ಹೆರಿಗೆ ಮಾಡಿಸಿದ ಕೈಯನ್ನೇ "ಮೈಲಿಗೆ" ಅಂದದ್ದೂ ಉಂಟು. ರಕ್ತ, ಮಾಸು ಮುಟ್ಟೋ ಕೆಲಸ ಅಂತ ಕೀಳಾಗಿ ನೋಡಿದ್ದೂ ಉಂಟು. ಮಗು ಬೇಕು, ಮಗು ತಂದುಕೊಟ್ಟ ಕೈ ಮಾತ್ರ ಹೊಸ್ತಿಲ ಆಚೆ ಇರಬೇಕು. ಈ ಮಾತನ್ನೂ ಇವತ್ತು ಒಪ್ಪಿಕೊಳ್ಳಬೇಕು. ನರಸಮ್ಮನವರಿಗೆ ಸಿಕ್ಕ ಗೌರವ ಅಂಥ ಹೆಸರಿಲ್ಲದ ಎಲ್ಲಾ ಕೈಗಳಿಗೂ ಸಂದ ಗೌರವ ಅಂತ ನಾವು ತಿಳಿಯಬೇಕು.

ತಡವಾಗಿ ಬಂದ ಗೌರವ

ಮೊದಲ ಹೆರಿಗೆ 1940ರಲ್ಲಿ. ದೇವರಾಜ ಅರಸು ಪ್ರಶಸ್ತಿ 2012ರಲ್ಲಿ. ನಡುವೆ 72 ವರ್ಷ. ಅಷ್ಟು ಕಾಲ ಅವರ ಕೆಲಸ ಸುತ್ತಮುತ್ತಲ ಹಳ್ಳಿಗಳಿಗೆ ಮಾತ್ರ ಗೊತ್ತಿತ್ತು.

ಆಮೇಲೆ ಒಂದರ ಹಿಂದೆ ಒಂದು ಬಂತು. 2013ರಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ಪ್ರಶಸ್ತಿ, ರಾಜ್ಯೋತ್ಸವ ಪ್ರಶಸ್ತಿ. ಅದೇ ವರ್ಷ ಹಿರಿಯ ನಾಗರಿಕರಿಗೆ ಕೇಂದ್ರ ಸರ್ಕಾರ ಕೊಡುವ ವಯೋಶ್ರೇಷ್ಠ ಸಮ್ಮಾನ್. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅಕ್ಷರ ಬಾರದ ತಾಯಿ ಡಾ. ನರಸಮ್ಮ ಆದರು. 2018ರ ಪದ್ಮಶ್ರೀ ಪಟ್ಟಿಯಲ್ಲಿ ಕರ್ನಾಟಕದಿಂದ ಅವರ ಜೊತೆ ಬೆಳಗಾವಿ ಜಿಲ್ಲೆಯಲ್ಲಿ ದೇವದಾಸಿ ಪದ್ಧತಿ ವಿರುದ್ಧ ದುಡಿದ ಸೀತವ್ವ ಜೋಡಟ್ಟಿ, ಭಜನೆ ಪ್ರವಚನಗಳಿಂದ ಸೌಹಾರ್ದ ಸಾರಿದ ಇಬ್ರಾಹಿಂ ಸುತಾರ ಅವರೂ ಇದ್ದರು. ಹಳ್ಳಿಗಾಡಿನ ಸಾಧಕರನ್ನ ಹುಡುಕಿ ಗೌರವಿಸಿದ ವರ್ಷ ಅದು.

ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ಕೈಯಿಂದ ಪದಕ ಪಡೆದ ಆ ಮುಪ್ಪಿನ ಜೀವ ಒಂಬತ್ತೇ ತಿಂಗಳಲ್ಲಿ ನಮ್ಮನ್ನ ಬಿಟ್ಟು ಹೋಯಿತು.

ಹಾಗಾದ್ರೆ ಮನೆ ಹೆರಿಗೆನೇ ಒಳ್ಳೆಯದಾ?

ನರಸಮ್ಮನವರ ವಿಷಯ ಬಂದಾಗಲೆಲ್ಲಾ ಕಟ್ಟೆ ಮೇಲೆ ಈ ಮಾತು ಬಂದೇ ಬರುತ್ತೆ. "ಆಗೆಲ್ಲಾ ಮನೇಲೇ ಆಗ್ತಿರಲಿಲ್ವಾ? ಈಗ ಆಸ್ಪತ್ರೆಗೆ ಹೋದ್ರೆ ಕೊಯ್ಯೋದೊಂದೇ ಕೆಲಸ" ಅಂತ.

ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ನರಸಮ್ಮನವರನ್ನ ನೆನೆಯೋದು ಅಂದ್ರೆ ಮನೆ ಹೆರಿಗೆಗೆ ವಾಪಸ್ ಹೋಗೋದು ಅಲ್ಲ.

ಯಾಕೆ ಅಂದ್ರೆ, ಎಷ್ಟೇ ನುರಿತ ಕೈ ಆದರೂ ಕೆಲವು ಕಷ್ಟಗಳು ಕೈ ಮೀರಿದ್ದು. ಹೆರಿಗೆ ಆದ ಮೇಲೆ ಗರ್ಭಕೋಶ ಬಿಗಿಯಾಗದೆ ರಕ್ತ ಸುರಿಯೋಕೆ ಶುರುವಾದರೆ ಆರೋಗ್ಯವಾಗಿದ್ದ ತಾಯಿಯೂ ಎರಡು ಗಂಟೆಯೊಳಗೆ ಹೋಗಿಬಿಡಬಹುದು. ಅದಕ್ಕೆ ಇಂಜೆಕ್ಷನ್ ಬೇಕು, ರಕ್ತ ಬೇಕು. ಬಿ.ಪಿ. ಏರಿ ಫಿಟ್ಸ್ ಬಂದರೆ ಔಷಧ ಬೇಕು. ಮಗು ಅಡ್ಡ ಸಿಕ್ಕಿಕೊಂಡರೆ ಆಪರೇಷನ್ನೇ ಬೇಕು. ನಂಜಾದರೆ ಆಂಟಿಬಯಾಟಿಕ್ ಬೇಕು. ಹಿಂದಿನ ಕಾಲದಲ್ಲಿ ತಾಯಂದಿರು ಸತ್ತಿದ್ದು ಮುಖ್ಯವಾಗಿ ಈ ಕಾರಣಗಳಿಂದಲೇ.

ಅಂಕಿ ಅಂಶ ನೋಡಿ. ಭೋರ್ ಸಮಿತಿ ಕಾಲದ ಅಂದಾಜು ಲಕ್ಷಕ್ಕೆ 2,000 ತಾಯಂದಿರ ಸಾವು. 2018-20ರ ಸರ್ಕಾರಿ ಅಂಕಿ ಪ್ರಕಾರ ಕರ್ನಾಟಕದಲ್ಲಿ ಅದು ಲಕ್ಷ ಹೆರಿಗೆಗೆ 69. ಇದು ತನ್ನಿಂದ ತಾನೇ ಆಗಿದ್ದಲ್ಲ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಆಶಾ ಕಾರ್ಯಕರ್ತೆಯರು ಬಂದರು. 2008ರ ನವೆಂಬರ್‌ನಲ್ಲಿ ರಾಜ್ಯದಲ್ಲಿ 108 ಆಂಬುಲೆನ್ಸ್ ಓಡಾಡೋಕೆ ಶುರುವಾಯಿತು. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಆಸ್ಪತ್ರೆ ಹೆರಿಗೆ ಶೇ. 65ರಷ್ಟಿತ್ತು. 2019-21ರ ಸಮೀಕ್ಷೆ ಹೊತ್ತಿಗೆ ಶೇ. 97 ಆಯಿತು.

ಹಾಗಂತ ಆಸ್ಪತ್ರೆಗೆ ಸೇರಿಸಿದರೆ ಎಲ್ಲಾ ಮುಗೀತು ಅಂತಲೂ ಇಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರ ಸರಣಿ ಸಾವು ಇಡೀ ರಾಜ್ಯವನ್ನೇ ಅಲ್ಲಾಡಿಸಿತು. ಕಟ್ಟಡ, ಬೆಡ್ಡು ಇದ್ದರೆ ಸಾಲದು. ಔಷಧದ ಗುಣಮಟ್ಟ, ಸಿಬ್ಬಂದಿ, ಜವಾಬ್ದಾರಿ ಮೂರೂ ಇರಬೇಕು ಅಂತ ಅದು ತೋರಿಸಿತು. ಜನ ಆಸ್ಪತ್ರೆಯನ್ನ ನಂಬಿ ಬಂದಿದ್ದಾರೆ. ಆ ನಂಬಿಕೆ ಉಳಿಸಿಕೊಳ್ಳೋದು ಆಸ್ಪತ್ರೆಗಳ ಕೆಲಸ.

ನಾವು ಕಳೆದುಕೊಂಡಿದ್ದು ಏನು?

ಆಸ್ಪತ್ರೆ ಬಂತು, ಜೀವ ಉಳಿಯಿತು. ಒಳ್ಳೇದೇ ಆಯಿತು. ಆದರೆ ಸೂಲಗಿತ್ತಿ ಜೊತೆ ಹೋಗಿದ್ದು ಒಂದಿದೆ. ಅದು ಪಕ್ಕದಲ್ಲಿ ಕೂರೋ ಮನುಷ್ಯ.

ಈಗ ಹೆರಿಗೆ ವಾರ್ಡಿನಲ್ಲಿ ಹೆಣ್ಣುಮಗಳು ಒಬ್ಬಳೇ. ಮನೆಯವರು ಬಾಗಿಲ ಹೊರಗೆ. ಒಬ್ಬ ನರ್ಸು ನಾಲ್ಕೈದು ಜನರನ್ನ ನೋಡಬೇಕು, ಅವರಿಗೂ ಸುಸ್ತು. ಆ ಸುಸ್ತಲ್ಲಿ ಒಂದು ಗದರಿಕೆ ಮಾತು ಬಂದರೆ ಆ ಹುಡುಗಿ ಜೀವಮಾನ ಮರೆಯಲ್ಲ. ಇದನ್ನ ಯಾವ ಹೆಂಗಸನ್ನ ಕೇಳಿದರೂ ಹೇಳ್ತಾರೆ.

ನರಸಮ್ಮನಂಥ ಸೂಲಗಿತ್ತಿಯರ ಹತ್ತಿರ ಮೆಷಿನ್ ಇರಲಿಲ್ಲ, ಆದರೆ ಪುರುಸೊತ್ತು ಇತ್ತು. ಬೆನ್ನು ಸವರೋ ಕೈ ಇತ್ತು. ಆಸ್ಪತ್ರೆಯ ಔಷಧ ಮತ್ತು ಸೂಲಗಿತ್ತಿಯ ತಾಳ್ಮೆ ಎರಡೂ ಒಂದೇ ಕಡೆ ಸಿಗಬೇಕು. ಅವರ ಬದುಕಿನಿಂದ ಕಲಿಯೋದಾದರೆ ಇದನ್ನ ಕಲಿಯಬೇಕು.

ಸರ್ಕಾರಕ್ಕೂ ಇದು ಹೊಳೆದಿದೆ. ನರಸಮ್ಮ ತೀರಿಕೊಂಡ ಅದೇ 2018ರ ಡಿಸೆಂಬರ್ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಸೂತಿ ಸೇವೆಗಳ ಬಗ್ಗೆ ಹೊಸ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ನರ್ಸಿಂಗ್ ಓದಿದವರಿಗೆ 18 ತಿಂಗಳ ವಿಶೇಷ ತರಬೇತಿ ಕೊಟ್ಟು, ಸಾಮಾನ್ಯ ಹೆರಿಗೆಗಳನ್ನ ಅವರೇ ಗೌರವದಿಂದ, ಸಹಜವಾಗಿ ಮಾಡಿಸಬೇಕು. ಕಷ್ಟ ಅನಿಸಿದರೆ ಮಾತ್ರ ಡಾಕ್ಟರು ಬರಬೇಕು. ಒಂದು ರೀತಿಯಲ್ಲಿ ಓದಿದ ಸೂಲಗಿತ್ತಿಯರು. ಹಳೇ ಸೂಲಗಿತ್ತಿ ಹೋದ ತಿಂಗಳಲ್ಲೇ ಹೊಸ ಸೂಲಗಿತ್ತಿಯ ಮಾತು ಶುರುವಾಯಿತು. ಅಂಥವರು ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೂ ಬರಬೇಕು. ಅದನ್ನ ಕೇಳೋ ಹಕ್ಕು ಪಾವಗಡದವರಿಗೆ ಬೇರೆ ಯಾರಿಗಿಂತಲೂ ಜಾಸ್ತಿ ಇದೆ.

ನಿಮ್ಮ ಮನೆಯಲ್ಲಿ ಗರ್ಭಿಣಿ ಇದ್ದರೆ ಇದನ್ನ ಗಮನದಲ್ಲಿಡಿ

ನರಸಮ್ಮನವರ ನೆನಪಿಗೆ ಮಾಲೆ ಹಾಕೋದಕ್ಕಿಂತ ಒಬ್ಬ ಗರ್ಭಿಣಿಗೆ ಉಪಯೋಗ ಆದರೆ ಹೆಚ್ಚು.

* ಗರ್ಭ ನಿಂತ ಕೂಡಲೇ ಆಶಾ ಕಾರ್ಯಕರ್ತೆ ಅಥವಾ ಉಪಕೇಂದ್ರದಲ್ಲಿ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿ.
* ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವಿಶೇಷ ಉಚಿತ ತಪಾಸಣೆ ಇರುತ್ತೆ. 2016ರಿಂದ ಇದು ನಡೀತಿದೆ.
* ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ಊಟ, ಓಡಾಟ ಎಲ್ಲವೂ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ (2011) ಉಚಿತ. ಯಾರಾದರೂ ದುಡ್ಡು ಕೇಳಿದರೆ ಪ್ರಶ್ನೆ ಮಾಡಿ.
* ಅಂಗನವಾಡಿಯಲ್ಲಿ ಗರ್ಭಿಣಿ ಬಾಣಂತಿಯರಿಗೆ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಶುರುವಾಗಿದೆ. ನಾಚಿಕೆ ಪಡದೆ ಹೋಗಿ.
* ರಕ್ತ ಹೋಗೋದು, ತೀವ್ರ ತಲೆನೋವು, ಕಣ್ಣು ಮಂಜಾಗೋದು, ಫಿಟ್ಸ್, ಜ್ವರ, ನೀರು ಒಡೆಯೋದು, ಮಗುವಿನ ಓಡಾಟ ಕಡಿಮೆಯಾಗೋದು, ಇದರಲ್ಲಿ ಯಾವುದೇ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ.
* ದಾರಿಯಲ್ಲೋ ಮನೆಯಲ್ಲೋ ಹೆರಿಗೆ ಆಗೇ ಹೋದರೆ: ಸೋಪಿನಿಂದ ಕೈ ತೊಳೆಯಿರಿ, ಶುದ್ಧ ಬಟ್ಟೆ ಹಾಸಿ, ಮಗುವನ್ನ ಒರೆಸಿ ತಾಯಿಯ ಎದೆಗೆ ಒರಗಿಸಿ ಬೆಚ್ಚಗೆ ಮುಚ್ಚಿ. ಹೊಕ್ಕುಳ ಬಳ್ಳಿ ಕತ್ತರಿಸಲು ಆತುರ ಬೇಡ, ಆಂಬುಲೆನ್ಸ್‌ನವರು ಬಂದು ಮಾಡ್ತಾರೆ. ಹೊಕ್ಕುಳಿಗೆ ಸಗಣಿ, ಬೂದಿ, ಅರಿಶಿನ ಏನನ್ನೂ ಹಚ್ಚಬೇಡಿ.
* ಮೊದಲ ಒಂದು ಗಂಟೆಯೊಳಗೆ ಎದೆಹಾಲು ಕೊಡಿ. ಹಳದಿ ಗಿಣ್ಣು ಹಾಲನ್ನ ಚೆಲ್ಲಬೇಡಿ, ಅದೇ ಮಗುವಿಗೆ ಮೊದಲ ರಕ್ಷೆ.

ಅಂಗಡಿ ಇಟ್ಟುಕೊಂಡಿರೋರಿಗೆ ಒಂದು ಮಾತು. ಗಂಧಿಗೆ ಅಂಗಡಿಗೆ ಬಾಣಂತಿ ಸಾಮಾನಿಗೆ ಬರೋರು ನಿಮ್ಮನ್ನ ನಂಬಿ ಬರ್ತಾರೆ. ಶುಂಠಿ, ಮೆಣಸು, ಓಮ, ಬಜೆ, ಕೊಬ್ಬರಿ, ಬೆಲ್ಲ, ಅಂಟು ಕಟ್ಟಿ ಕೊಡುವಾಗ "ತಾಯಿ ಕಾರ್ಡ್ ಮಾಡಿಸಿದ್ದೀರಾ, ಮಗುಗೆ ಲಸಿಕೆ ಹಾಕಿಸಿದ್ರಾ" ಅಂತ ಒಂದು ಮಾತು ಕೇಳಿ. ಖರ್ಚಿಲ್ಲ. ಬಾಗಿಲ ಮುಂದೆ ಗಾಡಿ ಇರೋರು 108 ತಡವಾದ ರಾತ್ರಿ ಒಂದು ಸಲ ಕೀ ತಿರುಗಿಸಿದರೆ ಅದೂ ಸೂಲಗಿತ್ತಿ ಕೆಲಸವೇ.

ಇನ್ನೊಂದು ಕೋರಿಕೆ

ನರಸಮ್ಮನವರ ಹೆಸರು ದೆಹಲಿವರೆಗೆ ಹೋಯಿತು. ಆದರೆ ಪ್ರತಿ ಊರಲ್ಲೂ ಒಬ್ಬ ಸೂಲಗಿತ್ತಿ ಇದ್ದೇ ಇದ್ದಳು. ಕೆಲವರು ಈಗಲೂ ಇದ್ದಾರೆ, ಜಗುಲಿ ಮೇಲೆ ಎಲೆ ಅಡಿಕೆ ಕುಟ್ಟುತ್ತಾ ಕೂತಿದ್ದಾರೆ. ಅವರಲ್ಲಿ ಹೆಚ್ಚಿನವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಇವತ್ತು ಮನೆಗೆ ಹೋದಾಗ ಹಿರಿಯರನ್ನ ಒಂದು ಪ್ರಶ್ನೆ ಕೇಳಿ. "ನಾನು ಹುಟ್ಟಿದಾಗ, ಅಪ್ಪ ಅಮ್ಮ ಹುಟ್ಟಿದಾಗ ಹೆರಿಗೆ ಮಾಡಿಸಿದ್ದು ಯಾರು?" ಆ ಹೆಸರನ್ನ ಬರೆದಿಟ್ಟುಕೊಳ್ಳಿ. ಆ ಅಜ್ಜಿ ಬದುಕಿದ್ದರೆ ಒಂದು ಸಲ ಹೋಗಿ ಮಾತಾಡಿಸಿ ಬನ್ನಿ. ವೃದ್ಧಾಪ್ಯ ವೇತನ ಬರ್ತಿದೆಯಾ, ಮಾತ್ರೆ ತರೋರು ಯಾರಾದರೂ ಇದ್ದಾರಾ ಅಂತ ವಿಚಾರಿಸಿ.

ನಾವು ಕಣ್ಣು ಬಿಡೋಕೆ ಮುಂಚೆ ನಮ್ಮನ್ನ ಎತ್ತಿಕೊಂಡೋರು ಅವರು. ಅವರು ಕಣ್ಣು ಮುಚ್ಚೋಕೆ ಮುಂಚೆ ನಾವು ಒಂದು ಸಲ ಹೋಗಿ ಬರೋದು ದೊಡ್ಡ ವಿಷಯ ಏನಲ್ಲ.